ಸಭೆಯ ಕೊರಳು: ಯೆಹೂದಿಗಳ ಪ್ರಾರ್ಥನಾ ಗಾಯನ ಮತ್ತು ನಮ್ಮ ಸೀಮೆಯ ಪದ

(ಚಿಮ್ಮನಚೋಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿಯ ಆಶಯ ಸಂಗೀತ ಮತ್ತು ಸಮಾಜ ಎಂದು ಸಂಘಟಕರು ತಿಳಿಸಿದಾಗ, ದೂರದ್ದೆನಿಸುವ ಒಂದು ಪರಂಪರೆಯನ್ನು ಆರಿಸಿಕೊಂಡೆ. ಅದು ಯೆಹೂದಿಗಳ ಪ್ರಾರ್ಥನಾ ಮಂದಿರದ, ಅಂದರೆ ಸಿನಗಾಗಿನ ಹಾಡುಗಾರಿಕೆ. ಮುಲ್ಲಾಮಾರಿಯ ದಂಡೆಯ ಜನರಿಗೂ ಆ ಹಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಅದು ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಒಂದು ಜನಾಂಗ ತನ್ನ ದೇವರ ಹಾಡನ್ನು ಎರಡು ಸಾವಿರ ವರ್ಷ ಹೇಗೆ ಉಳಿಸಿಕೊಂಡಿತು, ಎಲ್ಲಿ ಕಳೆದುಕೊಂಡಿತು, ಕಳೆಯುವ ಹೊತ್ತಿಗೆ ಅದನ್ನು ಯಾರು ಕಾಪಾಡಿದರು ಎಂಬುದನ್ನು ತಿಳಿದರೆ, ನಮ್ಮ ತತ್ವಪದ, ಸೋಬಾನಪದ, ಮೊಹರಂ ಪದಗಳ ಬಗ್ಗೆ ನಾವು ಈಗಲೇ ಮಾಡಬೇಕಾದ ಕೆಲಸ ಕಣ್ಣಿಗೆ ಕಾಣುತ್ತದೆ.

ನನ್ನ ಮಾತಿನ ತಿರುಳು ಇಷ್ಟೆ. ಸಭೆಯ ಹಾಡು ಉಳಿಯುವುದು ಸಭೆ ಅದನ್ನು ಕಲಿತಾಗ ಮಾತ್ರ. ಪುಸ್ತಕ ನೆರವಾಗುತ್ತದೆ, ಧ್ವನಿಮುದ್ರಣ ನೆರವಾಗುತ್ತದೆ. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟದ ಹಾಡು ಹಾಡಾಗಿ ಉಳಿಯುವುದಿಲ್ಲ.

ಓದುವುದೇ ಹಾಡುವುದು

ಯೆಹೂದಿಗಳ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳಿಗೆ ತೋರಾ ಎನ್ನುತ್ತಾರೆ. ಅದನ್ನು 54 ಭಾಗ ಮಾಡಿ, ವಾರವಾರವೂ ಸಿನಗಾಗಿನಲ್ಲಿ ಓದುತ್ತಾ ಒಂದು ವರ್ಷಕ್ಕೆ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು. ಆ ದಿನ ಅವರಿಗೆ ಹಬ್ಬ, ಅದರ ಹೆಸರು ಸಿಮ್ಹಾತ್ ತೋರಾ. ಓದುವುದು ಎಂದೆನಾದರೂ ಅಲ್ಲಿ ಗದ್ಯದಂತೆ ಓದುವ ಪದ್ಧತಿ ಇಲ್ಲ. ಪ್ರತಿಯೊಂದು ಪದಕ್ಕೂ ಗೊತ್ತಾದ ಸ್ವರಸಂಚಾರ ಇದೆ, ಅದರ ಪ್ರಕಾರ ಹಾಡಿಯೇ ಓದಬೇಕು.

ಕಷ್ಟ ಇರುವುದು ಇಲ್ಲಿ. ಸಿನಗಾಗಿನ ಪೆಟ್ಟಿಗೆಯಲ್ಲಿ ಇಡುವ ತೋರಾ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಸುರುಳಿ. ಹೀಬ್ರೂ ಲಿಪಿಯಲ್ಲಿ ವ್ಯಂಜನಗಳೇ ಮುಖ್ಯ. ಸ್ವರಗಳನ್ನು ತೋರಿಸುವ ಚುಕ್ಕೆಗಳು ಸುರುಳಿಯಲ್ಲಿ ಇರುವುದಿಲ್ಲ. ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬ ಗುರುತಿಲ್ಲ, ಧಾಟಿಯ ಗುರುತಂತೂ ಇಲ್ಲವೇ ಇಲ್ಲ. ಓದುವವನು ಇವೆಲ್ಲವನ್ನೂ ಮನಸ್ಸಿನಲ್ಲಿ ತುಂಬಿಕೊಂಡು ಬಂದಿರಬೇಕು. ಗಲಿಲೀಯ ತಿಬೇರಿಯಾಸ್ ಊರಿನ ವಿದ್ವಾಂಸರು ಕ್ರಿ.ಶ. 10ನೆಯ ಶತಮಾನದ ಹೊತ್ತಿಗೆ ಈ ಧಾಟಿಗಳಿಗೆ ಸಣ್ಣ ಸಣ್ಣ ಚಿಹ್ನೆಗಳನ್ನು ನೆಲೆಗೊಳಿಸಿದರು. ಅವನ್ನು ತೇಅಮೀಂ ಎನ್ನುತ್ತಾರೆ. ಅಭ್ಯಾಸದ ಪುಸ್ತಕದಲ್ಲಿ ಆ ಚಿಹ್ನೆಗಳು ಇರುತ್ತವೆ, ಸುರುಳಿಯಲ್ಲಿ ಇರುವುದಿಲ್ಲ. ಮನೆಯಲ್ಲಿ ಪುಸ್ತಕ ನೋಡಿ ಕಲಿ, ಸಭೆಯಲ್ಲಿ ನೆನಪಿನಿಂದ ಹಾಡು ಎಂಬುದು ನಿಯಮ. ಹಿಂದೆ ಕೆಲವೆಡೆ ಓದುವವನ ಪಕ್ಕ ಒಬ್ಬ ನಿಂತು ಧಾಟಿಯ ಏರಿಳಿತವನ್ನು ಕೈಸನ್ನೆಯಿಂದ ತೋರಿಸುತ್ತಿದ್ದ.

ಹದಿಮೂರು ವರ್ಷ ತುಂಬಿದ ಹುಡುಗ ಸಮುದಾಯದ ಪೂರ್ಣ ಸದಸ್ಯನಾಗುತ್ತಾನೆ. ಆ ಸಂದರ್ಭಕ್ಕೆ ಅವನು ತಿಂಗಳುಗಟ್ಟಲೆ ಗುರುವಿನ ಮುಂದೆ ಕುಳಿತು ತನ್ನ ಪಾಲಿನ ಭಾಗವನ್ನು ಧಾಟಿಸಮೇತ ಕಲಿಯುತ್ತಾನೆ. ಈಚಿನ ಕಾಲದಲ್ಲಿ ಹಲವು ಪಂಗಡಗಳಲ್ಲಿ ಹುಡುಗಿಯರೂ ಕಲಿಯುತ್ತಾರೆ. ಸಭೆಯಲ್ಲಿ ಓದುವಾಗ ಅರ್ಥ ಕೆಡುವ ಹಾಗೆ ಒಂದು ಉಚ್ಚಾರ ತಪ್ಪಿದರೂ ಕುಳಿತವರು ಅಲ್ಲಿಂದಲೇ ತಿದ್ದುತ್ತಾರೆ, ಓದುವವನು ಆ ಪದವನ್ನು ಮತ್ತೆ ಹೇಳಬೇಕು. ಅಂದರೆ ಕೇಳುವವರಿಗೂ ಪಾಠ ಬಾಯಿಗೆ ಬಂದಿರುತ್ತದೆ. ಇಂಥ ಸಭೆ ಇರುವ ತನಕ ಹಾಡು ಕೆಡುವುದಿಲ್ಲ.

ಈ ಕ್ರಮ ನಮ್ಮ ನೆಲಕ್ಕೆ ಹೊಸದೇನಲ್ಲ. ಇಲ್ಲಿಂದ ಚಿತ್ತಾಪುರದ ಕಡೆ ಹೊರಟರೆ ನಾಗಾವಿ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ದೊಡ್ಡ ಘಟಿಕಾಸ್ಥಾನ. 1058ರ ಶಾಸನ ಅಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳಿದ್ದರೆಂದು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಾಂಡಾರಿಗರಿದ್ದರೆಂದು ಹೇಳುತ್ತದೆ. ಪುಸ್ತಕ ಕಾಯುವವರು ಇದ್ದರೂ ವೇದವನ್ನು ಕಲಿಯುತ್ತಿದ್ದದ್ದು ಗುರುವಿನ ಬಾಯಿಂದಲೇ. ಉದಾತ್ತ, ಅನುದಾತ್ತ, ಸ್ವರಿತ ತಪ್ಪಬಾರದೆಂದು ಪದಪಾಠ, ಕ್ರಮಪಾಠ, ಘನಪಾಠಗಳನ್ನು ಕಟ್ಟಿಕೊಂಡದ್ದೂ ಇದೇ ಕಾಳಜಿಯಿಂದ. ತಿಬೇರಿಯಾಸಿನ ವಿದ್ವಾಂಸರಿಗೂ ನಾಗಾವಿಯ ಉಪಾಧ್ಯಾಯರಿಗೂ ಪರಸ್ಪರ ಪರಿಚಯ ಇರಲಿಲ್ಲ. ಆದರೂ ಇಬ್ಬರೂ ಮಾತಿನಷ್ಟೇ ಮಾತಿನ ಸ್ವರವನ್ನೂ ಪವಿತ್ರ ಎಂದು ತಿಳಿದರು. ವ್ಯತ್ಯಾಸವೂ ಇದೆ, ಅದನ್ನು ಮುಚ್ಚಿಡಬಾರದು. ನಮ್ಮಲ್ಲಿ ಆ ಪಾಠ ಕೆಲವು ಕುಲಗಳಿಗೆ ಸೀಮಿತವಾಯಿತು. ಹೊಲಗೇರಿಯ ಮಗುವಿಗೂ ಒಕ್ಕಲಿಗನ ಮಗುವಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಲಿಲ್ಲ. ಆ ಬಾಗಿಲನ್ನು ತೆರೆದವರು ಮುಂದೆ ಬಂದ ವಚನಕಾರರು, ತತ್ವಪದಕಾರರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ವೇಳೆಗೆ ತಕ್ಕ ಧಾಟಿ

ತೋರಾ ಓದುವುದು ಒಂದು ಬಗೆಯಾದರೆ, ದಿನದ ಪ್ರಾರ್ಥನೆ ನಡೆಸುವುದು ಇನ್ನೊಂದು ಬಗೆ. ಪ್ರಾರ್ಥನೆಯನ್ನು ಹಾಡಿ ಮುನ್ನಡೆಸುವವನು ಹಜಾನ್. ಅವನು ಹಾಡಿದ್ದಕ್ಕೆ ಸಭೆ ಒಕ್ಕೊರಲಿನಿಂದ ಉತ್ತರ ಕೊಡುತ್ತದೆ. ಯಾವ ಪ್ರಾರ್ಥನೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬುದಕ್ಕೆ ಕಟ್ಟಳೆ ಇದೆ. ವಾರದ ದಿನಗಳಿಗೆ ಒಂದು, ಶನಿವಾರದ ಸಬ್ಬತ್ತಿಗೆ ಒಂದು, ವರ್ಷಾರಂಭದ ಪಶ್ಚಾತ್ತಾಪದ ದಿನಗಳಿಗೆ ಮತ್ತೊಂದು. ಬೆಳಗಿನ ಧಾಟಿ ಸಂಜೆಗೆ ಬರುವುದಿಲ್ಲ. ಈ ಪದ್ಧತಿಯ ಹೆಸರು ನುಸಾಖ್. ಭೈರವವನ್ನು ಬೆಳಿಗ್ಗೆ, ಯಮನ್ ಅನ್ನು ಸಂಜೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೂರ್ವ ಯೂರೋಪಿನ ಯೆಹೂದಿಗಳು ಅಹವಾ ರಬ್ಬಾ ಎಂದು ಕರೆಯುವ ಒಂದು ಧಾಟಿ ಇದೆ. ಅದರ ಮೂಲ ಸ್ವರಗಳನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ: ಕೋಮಲ ರಿಷಭ, ಶುದ್ಧ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ಧೈವತ, ಕೋಮಲ ನಿಷಾದ. ಹಿಂದುಸ್ತಾನಿಯಲ್ಲಿ ಇದು ಬಸಂತ್ ಮುಖಾರಿ, ಕರ್ನಾಟಕ ಸಂಗೀತದಲ್ಲಿ 14ನೆಯ ಮೇಳಕರ್ತ ವಕುಲಾಭರಣ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗವೂ ಒಂದೇ ಎಂದು ನಾನು ಹೇಳುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ತೂಗಬೇಕು, ಯಾವ ತಿರುವಿನಿಂದ ಇಳಿಯಬೇಕು ಎಂಬುದರಲ್ಲಿ ಎರಡೂ ಬೇರೆ ಬೇರೆ. ಆದರೆ ಅದೇ ಸ್ವರಗಳಲ್ಲಿ ಅವರೂ ದೇವರನ್ನು ಕರೆದರು, ನಾವೂ ಕರೆದೆವು. ಮನುಷ್ಯರ ಮೊರೆ ಎಲ್ಲಿದ್ದರೂ ಮೊರೆಯೇ.

ಇನ್ನೆರಡು ಕಟ್ಟಳೆಗಳನ್ನು ಗಮನಿಸಬೇಕು. ಒಂದು, ಸಂಪ್ರದಾಯಸ್ಥರ ಸಿನಗಾಗಿನಲ್ಲಿ ಸಬ್ಬತ್ತಿನ ದಿನ ವಾದ್ಯ ನುಡಿಸುವಂತಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ದುಃಖದ ನೆನಪೂ ಈ ಮೌನಕ್ಕೆ ಒಂದು ಕಾರಣ. ಹೀಗಾಗಿ ಎಲ್ಲ ಭಾರವೂ ಮನುಷ್ಯನ ಕೊರಳಿನ ಮೇಲೆ ಬಿತ್ತು. ಎರಡನೆಯದು, ತೋರಾ ಓದಲು ಮತ್ತು ಕೆಲವು ಮುಖ್ಯ ಪ್ರಾರ್ಥನೆಗಳನ್ನು ಹೇಳಲು ಕನಿಷ್ಠ ಹತ್ತು ಮಂದಿ ವಯಸ್ಕರು ಕೂಡಿರಲೇಬೇಕು. ಸಂಪ್ರದಾಯಸ್ಥರಲ್ಲಿ ಅವರು ಗಂಡಸರೇ ಆಗಿರಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು, ಹತ್ತನೆಯವನು ಬರಬೇಕು. ಸತ್ತ ತಂದೆಯ ಹೆಸರಿನಲ್ಲಿ ಮಗ ಹೇಳುವ ಕದ್ದಿಷ್ ಪ್ರಾರ್ಥನೆಗೂ ಈ ಹತ್ತು ಮಂದಿ ಬೇಕು. ಒಬ್ಬನ ದುಃಖಕ್ಕೂ ಸಭೆಯೇ ದನಿ ಕೊಡಬೇಕು ಎಂಬ ಈ ಕಟ್ಟಳೆ ನನ್ನ ಮನಸ್ಸನ್ನು ಬಹಳ ಹಿಡಿದಿದೆ. ನಮ್ಮಲ್ಲಿಯೂ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನಾ ಮೇಳ ಕೂರುತ್ತದೆ. ಹಾಡು ಅಲ್ಲಿ ಮನರಂಜನೆಗಲ್ಲ, ಮನೆಯವರನ್ನು ಒಂಟಿಯಾಗಿ ಬಿಡಬಾರದು ಎಂಬುದಕ್ಕೆ.

ಹಲವು ಧ್ವನಿಗಳ ಹಾಡು

ಯೂರೋಪಿನಲ್ಲಿ ಈ ಹಾಡು ಇನ್ನೊಂದು ತಿರುವು ಪಡೆಯಿತು. ಇಟಲಿಯ ಮಾಂಟುವಾ ನಗರದ ಅರಮನೆಯಲ್ಲಿ ಸಾಲಮೋನೆ ರೊಸ್ಸಿ ಎಂಬ ಯೆಹೂದಿ ಸಂಗೀತಗಾರ ಇದ್ದ. ಮೂರರಿಂದ ಎಂಟು ಧ್ವನಿಗಳು ಬೇರೆ ಬೇರೆ ಸ್ವರಸಾಲುಗಳನ್ನು ಒಟ್ಟಿಗೆ ಹಾಡುವಂತೆ ಅವನು ಹೀಬ್ರೂ ಕೀರ್ತನೆಗಳಿಗೆ ಸಂಗೀತ ಹಾಕಿದ. 33 ರಚನೆಗಳ ಆ ಸಂಗ್ರಹ 1622-23ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಸಿನಗಾಗಿನಲ್ಲಿ ಇಂಥ ಸಂಗೀತ ಸಲ್ಲುತ್ತದೆಯೇ ಎಂಬ ಜಗಳ ಏಳುತ್ತದೆಂದು ಗೊತ್ತಿದ್ದೇ, ವೆನಿಸ್ಸಿನ ರಬ್ಬಿ ಲಿಯೋನ್ ಮೊದೆನಾ ಬೆಂಬಲವಾಗಿ ನಿಂತು ಮುನ್ನುಡಿ ಬರೆದ. 1630ರಲ್ಲಿ ಮಾಂಟುವಾ ನಗರವನ್ನು ಸೈನ್ಯ ಸೂರೆಮಾಡಿತು, ಅಲ್ಲಿಯ ಯೆಹೂದಿ ಕೇರಿ ಚದುರಿಹೋಯಿತು. ಹಾಡುವ ಜನ ಇಲ್ಲವಾದ ಮೇಲೆ ಅಚ್ಚಾದ ಪುಸ್ತಕ ಎರಡು ಶತಮಾನಕ್ಕೂ ಮಿಕ್ಕಿ ಮೌನವಾಗಿ ಬಿದ್ದಿತ್ತು. ಪುಸ್ತಕವೊಂದೇ ಸಾಲದು ಎಂದು ನಾನು ಮೊದಲಿಗೆ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯ ಪ್ರಯತ್ನ ವಿಯೆನ್ನಾದಲ್ಲಿ ಆಯಿತು. ಸಾಲೊಮನ್ ಸುಲ್ಟ್ಸರ್ 1826ರಲ್ಲಿ ಅಲ್ಲಿಯ ಹೊಸ ಸಿನಗಾಗಿಗೆ ಹಜಾನ್ ಆಗಿ ಬಂದ. ಅಲ್ಲಿಯ ತನಕ ಹಜಾನನ ಹಿಂದೆ ಒಬ್ಬ ಮಂದ್ರ ಕಂಠದವನು, ಒಬ್ಬ ಎಳೆಯ ದನಿಯ ಹುಡುಗ ನಿಂತು ಆಗಿಂದಾಗ್ಗೆ ಸ್ವರ ಕೂಡಿಸುವುದು ವಾಡಿಕೆ. ನಮ್ಮ ಹಿಮ್ಮೇಳದ ಹಾಗೆಯೇ ಎನ್ನಿ. ಸುಲ್ಟ್ಸರ್ ಹುಡುಗರನ್ನೂ ಗಂಡಸರನ್ನೂ ಸೇರಿಸಿ ಶಿಸ್ತಿನ ಗಾಯಕವೃಂದ ಕಟ್ಟಿದ. ಹಳೆಯ ಧಾಟಿಗಳ ಮೇಲೆ ಬೆಳೆದಿದ್ದ ಕಸ ತೆಗೆದು ಬರೆದಿಟ್ಟ. ಅವನ ಕಂಠಕ್ಕೆ ಮಾರುಹೋದ ಫ್ರಾನ್ಸ್ ಶೂಬರ್ಟ್ ತಾನು ಕ್ರೈಸ್ತನಾಗಿದ್ದೂ 1828ರಲ್ಲಿ ಹೀಬ್ರೂ ಭಾಷೆಯಲ್ಲಿಯೇ ಅವರ ಧರ್ಮಗ್ರಂಥದ 92ನೆಯ ಕೀರ್ತನೆಗೆ ಸಂಗೀತ ಹಾಕಿಕೊಟ್ಟ. ಬರ್ಲಿನ್ನಿನಲ್ಲಿ ಲೂಯಿಸ್ ಲೆವಾಂಡೊವ್ಸ್ಕಿ ಇದೇ ಕೆಲಸ ಮುಂದುವರಿಸಿದ. 1866ರಲ್ಲಿ ತೆರೆದ ಅಲ್ಲಿಯ ಹೊಸ ಸಿನಗಾಗಿನಲ್ಲಿ ಗಾಯಕವೃಂದದ ಜೊತೆ ಆರ್ಗನ್ ವಾದ್ಯವೂ ನುಡಿಯಿತು. ಅವನು ಸಂಗೀತ ಹಾಕಿದ 150ನೆಯ ಕೀರ್ತನೆಯನ್ನು ಇಂದಿಗೂ ಜಗತ್ತಿನ ಗಾಯಕವೃಂದಗಳು ಹಾಡುತ್ತವೆ.

ಮುಂದಿನದು ನೋವಿನ ಕಥೆ. 1938ರ ನವೆಂಬರ್ 9ರ ರಾತ್ರಿ ಜರ್ಮನಿ, ಆಸ್ಟ್ರಿಯಾಗಳ ಸಿನಗಾಗುಗಳಿಗೆ ನಾಜಿಗಳು ಬೆಂಕಿ ಇಟ್ಟರು. ಮುಂದಿನ ಏಳು ವರ್ಷಗಳಲ್ಲಿ ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದರು. ಹಜಾನರು, ಹಾಡುಗಾರ ಹುಡುಗರು, ತಪ್ಪಿದ ಉಚ್ಚಾರ ತಿದ್ದುತ್ತಿದ್ದ ಸಾಮಾನ್ಯ ಸಭಿಕರು, ಎಲ್ಲರೂ ಹೋದರು. ಬದುಕಿ ಅಮೆರಿಕ, ಇಂಗ್ಲೆಂಡ್, ಇಸ್ರೇಲುಗಳಿಗೆ ಸೇರಿದವರು ತಮ್ಮ ಕೊರಳಿನಲ್ಲಿ ಒಯ್ದದ್ದಷ್ಟೇ ಉಳಿಯಿತು. 2011ರಿಂದ ಬರ್ಲಿನ್ನಿನಲ್ಲಿ ಲೆವಾಂಡೊವ್ಸ್ಕಿ ಹೆಸರಿನ ಸಂಗೀತೋತ್ಸವ ನಡೆಯುತ್ತಿದೆ, ಲೋಕದ ನಾನಾ ಕಡೆಯ ಸಿನಗಾಗ್ ಗಾಯಕವೃಂದಗಳು ಅಲ್ಲಿಗೆ ಬರುತ್ತವೆ.

ಅದೃಷ್ಟಕ್ಕೆ, ಈ ನಾಶಕ್ಕೂ ಮೊದಲೇ ಒಬ್ಬ ದೂರದೃಷ್ಟಿಯ ಹಜಾನ್ ದೊಡ್ಡ ಕೆಲಸ ಮಾಡಿಟ್ಟಿದ್ದ. ಅವನು ಅಬ್ರಹಾಂ ಝ್ವಿ ಇಡೆಲ್ಸೋನ್. ಯೆರೂಸಲೇಮಿಗೆ ಬಂದು ನೆಲೆಸಿ, ಅಲ್ಲಿ ಸೇರಿದ್ದ ಯೆಮನ್, ಬಾಗ್ದಾದ್, ಪರ್ಷಿಯಾ, ಮೊರಾಕೊಗಳ ಯೆಹೂದಿಗಳನ್ನು ಫೋನೋಗ್ರಾಫಿನ ಮುಂದೆ ಕೂರಿಸಿ ಹಾಡಿಸಿದ. ಆ ಸಂಗ್ರಹ 1914ರಿಂದ 1932ರ ವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂತು. ಯಾವ ಊರಿನ ಧಾಟಿಯೂ ಕೀಳಲ್ಲ, ಎಲ್ಲವನ್ನೂ ದಾಖಲಿಸಬೇಕು ಎಂಬುದೇ ಅವನ ನಂಬಿಕೆ.

ಕೊಂಕಣದ ಕೀರ್ತನಕಾರರು

ಈಗ ನಮ್ಮ ದೇಶಕ್ಕೆ ಬರೋಣ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಮುಂಬೈಗೆ ದುಡಿಯಲು ಹೋದ ಜನ ಈ ಸೀಮೆಯ ಊರೂರಿನಲ್ಲಿ ಇದ್ದಾರೆ. ಅಲ್ಲಿಯ ಮಸ್ಜಿದ್ ಬಂದರ್ ಸ್ಟೇಶನ್ ಎಷ್ಟೋ ಮಂದಿಗೆ ಗೊತ್ತು. ಸಮೀಪದ ಹಳೆಯ ಸಿನಗಾಗಿನಿಂದಲೇ ಆ ಸ್ಟೇಶನ್ನಿಗೆ ಹೆಸರು ಬಂತೆಂದು ಹೇಳುತ್ತಾರೆ. ಮುಂಬೈಯ ಯೆಹೂದಿಗಳು ತಮ್ಮ ಪ್ರಾರ್ಥನಾ ಮಂದಿರವನ್ನು ಮಸೀದಿ ಎಂದೇ ಕರೆಯುತ್ತಿದ್ದರು.

1796ರಲ್ಲಿ ಅದನ್ನು ಕಟ್ಟಿಸಿದವನ ಕಥೆಯಲ್ಲಿ ನಮ್ಮ ಕರ್ನಾಟಕವೂ ಬರುತ್ತದೆ. ಅವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಮಾಜಿ ಹಸಾಜಿ ದಿವೇಕರ್, ಸಮುದಾಯದ ಒಳಗಿನ ಹೆಸರು ಸಾಮ್ಯುವೆಲ್ ಎಝೆಕಿಯೆಲ್. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕ. ಇವರು ಬನಿ ಇಸ್ರಾಯೇಲರು, ಕುರಾನಿನಲ್ಲಿ ಹೆಸರು ಬಂದ ಜನ ಎಂದು ಟಿಪ್ಪುವಿನ ತಾಯಿ ಜೀವ ಉಳಿಸಿದಳೆಂದು ಸಮುದಾಯದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಬಿಡುಗಡೆಯಾದ ದಿವೇಕರ್ ಹರಕೆ ತೀರಿಸಲು ಕಟ್ಟಿಸಿದ ಮಂದಿರಕ್ಕೆ ಶಾರ್ ಹರಹಮೀಂ ಎಂದು ಹೆಸರು. ದಯೆಯ ಬಾಗಿಲು ಎಂದು ಅದರ ಅರ್ಥ.

ದಿವೇಕರನ ಸಮುದಾಯವಾದ ಬೆನೆ ಇಸ್ರೇಲರು ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ಕಟ್ಟದ ಕಾರಣ ಶನಿವಾರ ತೇಲಿ ಎಂದು ಕರೆಸಿಕೊಂಡರು. ಮನೆಮಾತು ಮರಾಠಿ. ಶತಮಾನಗಳ ಕಾಲ ಹೊರಗಿನ ಯೆಹೂದಿಗಳ ಸಂಪರ್ಕವಿಲ್ಲದೆ ಹೀಬ್ರೂ ಬಹುಪಾಲು ಮರೆತುಹೋಗಿತ್ತು. ಅದನ್ನು ಮತ್ತೆ ಕಲಿಸಿದವರು ಕೊಚ್ಚಿಯಿಂದ ಬಂದ ಗುರುಗಳು. 19ನೆಯ ಶತಮಾನದ ಮೊದಲರ್ಧದಲ್ಲಿ ಬಂದ ಶೆಲೋಮೊ ಸಾಲೇಂ ಶುರ್ರಾಬಿಯನ್ನು ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಪ್ರಾರ್ಥನೆ ಹಾಡುವುದನ್ನು, ತೋರಾ ಓದುವುದನ್ನು ಅವನು ಬಾಯಿಪಾಠವಾಗಿ ಹೇಳಿಕೊಟ್ಟ. ಕಳೆದುಹೋದ ಹಾಡನ್ನು ಪಕ್ಕದ ಸೀಮೆಯ ಬಂಧುವಿನಿಂದ ಮತ್ತೆ ಕಲಿಯಬಹುದು ಎಂಬುದಕ್ಕೆ ಇದು ಉದಾಹರಣೆ.

ಅವರು ಇನ್ನೊಂದು ಸುಂದರ ಕೆಲಸ ಮಾಡಿದರು. ಮಹಾರಾಷ್ಟ್ರದ ಕೀರ್ತನೆ ನಿಮಗೆ ಗೊತ್ತು. ಇಲ್ಲಿಂದ ಪಂಢರಪುರಕ್ಕೆ ದಿಂಡಿ ಹೋಗುವ ಭಕ್ತರು ವರ್ಷವರ್ಷವೂ ಕೇಳಿ ಬರುತ್ತಾರೆ. ಕೀರ್ತನಕಾರ ನಿಂತು ಕಥೆ ಹೇಳುತ್ತಾನೆ, ನಡುನಡುವೆ ಓವಿ, ಸಾಕಿ, ದಿಂಡಿ ಛಂದಸ್ಸುಗಳಲ್ಲಿ ಹಾಡುತ್ತಾನೆ, ಹಿಂದಿನವರು ದನಿಗೂಡಿಸುತ್ತಾರೆ. 1880ರ ಹೊತ್ತಿಗೆ ಮುಂಬೈಯ ಬೆನೆ ಇಸ್ರೇಲ್ ತರುಣರು ಇದೇ ರೂಪದಲ್ಲಿ ಅಬ್ರಹಾಂ, ಯೋಸೇಫ, ಮೋಶೆಯರ ಕಥೆಗಳನ್ನು ಮರಾಠಿಯಲ್ಲಿ ಹಾಡತೊಡಗಿದರು. ಬೆಂಜಮಿನ್ ಶಿಂಶೋನ್ ಅಷ್ಟಮ್ಕರ್ ಇದರಲ್ಲಿ ಮುಂದಾಳು. ಹೀಬ್ರೂ ತಿಳಿಯದ ಹೆಂಗಸರೂ ಮಕ್ಕಳೂ ತಮ್ಮ ಧರ್ಮದ ಕಥೆಯನ್ನು ಮನೆಮಾತಿನಲ್ಲಿ ಕೇಳಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ಸಮುದಾಯದ ಹೆಂಗಸರೇ ಕೀರ್ತನೆ ಹಾಡುವುದಕ್ಕೂ ಮುಂದೆ ಬಂದರು. ಧರ್ಮ ಯೆಹೂದಿಗಳದ್ದು, ಕುಣಿತದ ತಾಳ ಪಂಢರಪುರದ್ದು. ಒಂದರಿಂದ ಇನ್ನೊಂದಕ್ಕೆ ಕುಂದಾಗಲಿಲ್ಲ.

ಆ ಕಾಲದ ಮುಂಬೈಗೆ ಸೇರಿದ ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಕಲಬುರಗಿ ಆಕಾಶವಾಣಿಯನ್ನು ಕೇಳಿ ಬೆಳೆದ ನಮಗೆಲ್ಲ ಬೆಳಗಿನ ಪ್ರಸಾರ ಶುರುವಾಗುವ ಮೊದಲು ತಂಬೂರಿಯ ಮೇಲೆ ವಯಲಿನ್ ನುಡಿಯುವ ಆ ರಾಗ ಮರೆಯುವಂಥದ್ದಲ್ಲ. ಅದನ್ನು ಸಂಯೋಜಿಸಿದವನು ವಾಲ್ಟರ್ ಕೌಫ್ಮನ್. ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾದ್ ಊರಿನ ಯೆಹೂದಿ. ಹಿಟ್ಲರನ ಕಾಲದಲ್ಲಿ, 1934ರಲ್ಲಿ ಮುಂಬೈಗೆ ಬಂದ. ಮೊದಲು ಕೇಳಿದಾಗ ನಮ್ಮ ಸಂಗೀತ ಅವನಿಗೆ ಒಗ್ಗಲಿಲ್ಲ. ಇಷ್ಟು ಜನ ಪ್ರೀತಿಸುವ ಸಂಗೀತ ತನಗೆ ತಿಳಿಯದಿದ್ದರೆ ಕೊರತೆ ತನ್ನದೇ ಎಂದುಕೊಂಡು ಕಲಿಯಲು ಕುಳಿತ. 1946ರ ವರೆಗೆ ಇಲ್ಲಿದ್ದು, ಆಮೇಲೆ ಉತ್ತರ ಮತ್ತು ದಕ್ಷಿಣ ಭಾರತದ ರಾಗಗಳ ಮೇಲೆ ದೊಡ್ಡ ಗ್ರಂಥಗಳನ್ನೇ ಬರೆದ. ಪರರ ಹಾಡನ್ನು ಹೇಗೆ ಕೇಳಬೇಕು ಎಂಬುದನ್ನು ಅವನಿಂದ ಕಲಿಯಬೇಕು.

ಕೊಚ್ಚಿಯ ತಾಯಂದಿರ ನೋಟುಪುಸ್ತಕ

ತಾಯಂದಿರೆ, ಇನ್ನು ಹೇಳುವ ಕಥೆ ನಿಮ್ಮದೇ ಎಂದು ತಿಳಿದು ಕೇಳಿ.

ಕೇರಳದ ಕೊಚ್ಚಿ, ಎರ್ನಾಕುಲಂ, ಪರೂರು, ಚೇಂದಮಂಗಲಂ, ಮಾಳ ಊರುಗಳಲ್ಲಿ ಯೆಹೂದಿಗಳು ನೂರಾರು ವರ್ಷ ಬದುಕಿದರು. ಮಟ್ಟಂಚೇರಿಯ ಪರದೇಶಿ ಸಿನಗಾಗ್ 1568ರಲ್ಲಿ ಕಟ್ಟಿದ್ದು. ಕೇರಳದ ಸಿನಗಾಗುಗಳಲ್ಲಿ ಬೇರೆಲ್ಲೂ ಕಾಣದ ಒಂದು ಏರ್ಪಾಡಿದೆ. ತೋರಾ ಓದುವ ವೇದಿಕೆ ನೆಲದ ಮೇಲೆ ಒಂದಾದರೆ, ಮಹಡಿಯಲ್ಲಿ ಹೆಂಗಸರು ಕೂರುವ ಜಾಗದ ಮುಂದೆ ಇನ್ನೊಂದು. ಹಬ್ಬದ ದಿನಗಳಲ್ಲಿ ಮೇಲಿನ ವೇದಿಕೆಯಿಂದ ಓದುತ್ತಿದ್ದರು. ಅನೇಕ ಕಡೆ ಹೆಣ್ಣಿನ ದನಿಯನ್ನು ಗಂಡಸರು ಕೇಳಬಾರದೆಂಬ ಕಟ್ಟು ಇದ್ದರೂ ಕೇರಳದಲ್ಲಿ ಹೆಂಗಸರು ಗಂಡಸರ ಎದುರಿಗೇ ಹೀಬ್ರೂ ಸ್ತುತಿಗೀತೆಗಳಿಗೆ ದನಿಗೂಡಿಸುತ್ತಿದ್ದರು.

ಇದರ ಜೊತೆಗೆ ಅವರದ್ದೇ ಆದ ಮಲಯಾಳಂ ಹಾಡುಗಳಿದ್ದವು. ಮದುವೆಯ ಹಾಡು, ಮದುಮಗನನ್ನು ಎದುರುಗೊಳ್ಳುವ ಹಾಡು, ರೂತಳ ಕಥೆ, ಯೋಸೇಫನ ಕಥೆ, ಒಂದೊಂದು ಸಿನಗಾಗನ್ನು ಕಟ್ಟಿದ ಬಗೆಯನ್ನು ಹೇಳುವ ಹಾಡು, ಗಿಳಿಯನ್ನು ಕರೆದು ಹೇಳುವ ಹಾಡು. ಸುತ್ತಲೂ ಕೂಡಿ, ಚಪ್ಪಾಳೆ ತಟ್ಟಿ, ವರ್ತುಲದಲ್ಲಿ ಹೆಜ್ಜೆ ಹಾಕಿ ಹಾಡುತ್ತಿದ್ದರು. ಈ ಹಾಡುಗಳನ್ನು ಹೆಂಗಸರೇ ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ತಾಯಿಯ ಪುಸ್ತಕ ನೋಡಿ ಮಗಳು ತನ್ನ ಪುಸ್ತಕ ಬರೆದುಕೊಂಡಳು. ಅಚ್ಚುಕೂಟ ಕಾಣದ ನೂರಾರು ಹಾಡುಗಳು ಹೀಗೆ ಉಳಿದವು.

1950ರ ದಶಕದಲ್ಲಿ ಕೇರಳದ ಯೆಹೂದಿಗಳು ಬಹುಪಾಲು ಇಸ್ರೇಲಿಗೆ ಹೊರಟುಹೋದರು. ಅಲ್ಲಿ ಹೊಸ ಭಾಷೆ, ಹೊಸ ಬೇಸಾಯ, ಹೊಸ ಬದುಕು. ಮಕ್ಕಳು ಹೀಬ್ರೂ ಕಲಿತರು, ಮಲಯಾಳಂ ಮರೆತರು. ಹಾಡುವ ಸಂದರ್ಭಗಳೇ ಇಲ್ಲವಾದವು. ನೋಟುಪುಸ್ತಕಗಳು ಟ್ರಂಕುಗಳ ತಳ ಸೇರಿದವು. ಇನ್ನೊಂದು ತಲೆಮಾರು ಕಳೆದಿದ್ದರೆ ಅಕ್ಷರ ಓದುವವರೂ ಇರುತ್ತಿರಲಿಲ್ಲ, ಧಾಟಿ ಬಲ್ಲವರೂ ಇರುತ್ತಿರಲಿಲ್ಲ.

ಆಗ ಕೆಲವರು ಎಚ್ಚೆತ್ತರು. ಕೇರಳದಲ್ಲಿ ಪಿ.ಎಂ. ಜುಸ್ಸೈ ಹಾಡುಗಳನ್ನು ಕೂಡಿಹಾಕಿದರು. ಅಮೆರಿಕದ ಬಾರ್ಬರಾ ಜಾನ್ಸನ್ ಇಸ್ರೇಲಿನ ಊರೂರು ತಿರುಗಿ ಅಜ್ಜಿಯರ ದನಿಯನ್ನು ಮುದ್ರಿಸಿಕೊಂಡರು. ಮಟ್ಟಂಚೇರಿಯಲ್ಲಿ 1912ರಲ್ಲಿ ಹುಟ್ಟಿ ಇಸ್ರೇಲಿನ ಕಿಬ್ಬುಟ್ಸ್ ಎಂಬ ಕೂಡುಬೇಸಾಯದ ಹಳ್ಳಿ ಸೇರಿದ್ದ ರೂಬಿ ಡೇನಿಯಲ್, ಕೈಲಾದಷ್ಟು ಹಾಡುಗಳನ್ನು ತಾವೇ ಇಂಗ್ಲಿಷಿಗೆ ಅನುವಾದ ಮಾಡಿದರು, ಜಾನ್ಸನ್ ಜೊತೆಗೂಡಿ 1995ರಲ್ಲಿ ತಮ್ಮ ಆತ್ಮಕಥೆಯನ್ನೂ ತಂದರು. 2004ರಲ್ಲಿ ಯೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯೆಹೂದಿ ಸಂಗೀತ ಸಂಶೋಧನ ಕೇಂದ್ರ ಆ ಹಾಡುಗಳ ಸಿಡಿ ಹೊರತಂದಿತು. 2005ರಲ್ಲಿ ಮಲಯಾಳಂ ವಿದ್ವಾಂಸ ಸ್ಕರಿಯಾ ಸಕ್ಕರಿಯಾ ಮತ್ತು ಇಸ್ರೇಲಿನ ಒಫಿರಾ ಗಾಮ್ಲಿಯೆಲ್ ಸೇರಿ ಮಲಯಾಳಂ ಮೂಲ ಮತ್ತು ಹೀಬ್ರೂ ಅನುವಾದಗಳ ಸಂಕಲನ ಪ್ರಕಟಿಸಿದರು. ಇದೆಲ್ಲಕ್ಕಿಂತ ಸಂತೋಷದ ವಿಷಯವೆಂದರೆ, ಇಸ್ರೇಲಿನಲ್ಲಿರುವ ಕೇರಳ ಮೂಲದ ಹೆಂಗಸರು ನಿರಿತ್ ಎಂಬ ಮೇಳ ಕಟ್ಟಿಕೊಂಡು ಹಳೆಯ ಹಾಡುಗಳನ್ನು ಮತ್ತೆ ಕಲಿತು ವೇದಿಕೆಯ ಮೇಲೆ ಹಾಡಿದರು.

ಮಟ್ಟಂಚೇರಿಯಲ್ಲಿ ಈಗ ಹತ್ತು ಮಂದಿ ಕೂಡುವಷ್ಟು ಯೆಹೂದಿ ಸಮುದಾಯ ಉಳಿದಿಲ್ಲ. ಮಂದಿರ ಚೆನ್ನಾಗಿದೆ, ನೆಲಕ್ಕೆ ಹಾಸಿದ ಚೀನೀ ಹೆಂಚುಗಳು ಹೊಳೆಯುತ್ತವೆ, ನೋಡುವ ಜನವೂ ಬರುತ್ತಾರೆ. ಹಾಡಬೇಕಾದ ಸಭೆ ಮಾತ್ರ ಇಲ್ಲ.

ನಮ್ಮ ಸೀಮೆಯ ಲೆಕ್ಕ

ಈಗ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ನಮ್ಮ ಸೀಮೆಯ ಕಡೆ ತಿರುಗೋಣ.

ಯೆಹೂದಿಗಳ 150 ಕೀರ್ತನೆಗಳು ಇಲ್ಲಿ ಈಗಾಗಲೇ ಕನ್ನಡದಲ್ಲಿ ಹಾಡಾಗುತ್ತಿವೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಈ ಕೀರ್ತನೆಗಳೂ ಸೇರಿದ ಬೈಬಲನ್ನು ಕನ್ನಡಕ್ಕೆ ತಂದರು. ಆ ಶತಮಾನದ ಕೊನೆಗೆ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳು ಬೀದರ, ಕಲಬುರಗಿಗಳ ಕಡೆ ಬಂದರು. ಇಂದು ಈ ಭಾಗದ ಹಳ್ಳಿಯ ಚರ್ಚುಗಳಲ್ಲಿ ಭಾನುವಾರ ಡೋಲಕ್, ತಾಳ, ಹಾರ್ಮೋನಿಯಂ ಹಿಡಿದು ದಾವೀದನ ಕೀರ್ತನೆಗಳೆನಿಸಿದ ಇವನ್ನು ಭಜನೆಯ ಮಟ್ಟಿನಲ್ಲಿ ಹಾಡುತ್ತಾರೆ. ತಂಬೂರಿ, ತಾಳ, ಕೊಳಲುಗಳಿಂದ ದೇವರನ್ನು ಕೊಂಡಾಡಬೇಕೆನ್ನುವ 150ನೆಯ ಕೀರ್ತನೆ ಬರ್ಲಿನ್ನಿನಲ್ಲಿ ಆರ್ಗನ್ನಿನೊಂದಿಗೆ ಮೊಳಗಿದರೆ, ಇಲ್ಲಿ ದಮ್ಮಡಿಯೊಂದಿಗೆ ಮೊಳಗುತ್ತದೆ. ಎರಡೂ ಸರಿಯೇ.

ಇನ್ನು ತತ್ವಪದ. ಕಡಕೋಳ ಮಡಿವಾಳಪ್ಪನವರು, ಅವರ ಪರಂಪರೆಯ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಇದೇ ನೆಲದ ಸಾಧಕರು. ಲಿಂಗಾಯತ, ಮುಸಲ್ಮಾನ, ಬ್ರಾಹ್ಮಣ ಎಂಬ ಭೇದ ಗುರುವಿನ ಮನೆಯಲ್ಲಿ ಕರಗಿತು. ಏಕತಾರಿ ಹಿಡಿದ ಒಬ್ಬ ಮೊದಲ ಸಾಲು ಎತ್ತುತ್ತಾನೆ, ಹಿಂದಿನವರು ಪಲ್ಲವಿ ಹಿಡಿಯುತ್ತಾರೆ, ಅಮಾಸಿಯ ರಾತ್ರಿ ಬೆಳಗಾಗುತ್ತದೆ. ಓದು ಬರಹ ಬಾರದವರೂ ಕಾವ್ಯದಲ್ಲಿ ನುರಿತ ಜನರೆಂದು ಕನ್ನಡಿಗರನ್ನು ಹೊಗಳಿದ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ, ಅವರ ರಾಜಧಾನಿ ಇಲ್ಲೇ ಮಳಖೇಡ. ಸಾವಿರದ ಇನ್ನೂರು ವರ್ಷಗಳ ಆ ಹೊಗಳಿಕೆಗೆ ತತ್ವಪದದ ಮೇಳಗಳೇ ಜೀವಂತ ಸಾಕ್ಷಿ.

ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ಕರ್ನಾಟಕದ ತತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿದೆ. ಬಹಳ ದೊಡ್ಡ ಉಪಕಾರ. ಆದರೆ ರೊಸ್ಸಿಯ ಪುಸ್ತಕಕ್ಕೆ ಏನಾಯಿತು ಎಂಬುದನ್ನು ಮರೆಯಬಾರದು. ಅಚ್ಚಿನಲ್ಲಿ ಸಾಹಿತ್ಯ ಉಳಿದಿದೆ. ಮಟ್ಟು ಉಳಿದಿರುವುದು ಮುದುಕರ ಗಂಟಲಿನಲ್ಲಿ. ಯಾವ ಪದವನ್ನು ಸರಿರಾತ್ರಿ ಹಾಡಬೇಕು, ಯಾವುದನ್ನು ಕೋಳಿ ಕೂಗುವ ಹೊತ್ತಿಗೆ ಎತ್ತಬೇಕು ಎಂಬುದು ಯಾವ ಸಂಪುಟದಲ್ಲೂ ಇಲ್ಲ. ನಮ್ಮ ನುಸಾಖ್ ಅದು. ತಾಯಂದಿರು ಬೀಸುವಾಗ, ಮದುವೆಯಲ್ಲಿ, ಸೀಮಂತದಲ್ಲಿ ಹಾಡುತ್ತಿದ್ದ ಪದಗಳ ಗತಿಯಂತೂ ಇನ್ನೂ ಕಷ್ಟದ್ದು. ಬೀಸುಕಲ್ಲು ಹೋಯಿತು, ಮದುವೆ ಮನೆಗೆ ಡಿಜೆ ಬಂತು. ದುಡಿಯುವ ವಯಸ್ಸಿನವರು ಮುಂಬೈ, ಪುಣೆ, ಹೈದರಾಬಾದುಗಳಿಗೆ ಹೋದರು. ಕೇರಳದ ಯೆಹೂದಿಗಳು ಸಮುದ್ರ ದಾಟಿದ್ದರಿಂದ ಹಾಡು ನಿಂತರೆ, ನಮ್ಮಲ್ಲಿ ಊರು ಬಿಡದೆಯೂ ಹಾಡು ನಿಲ್ಲುತ್ತಿದೆ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಬಿನ್ನಹಗಳನ್ನು ಇಡುತ್ತೇನೆ.

ಮೊದಲನೆಯದು, ಮನೆಮನೆಯಲ್ಲೂ ಒಂದು ಹಾಡಿನ ನೋಟುಪುಸ್ತಕ ಇರಲಿ. ಶಾಲೆಗೆ ಹೋಗುವ ಹುಡುಗಿ ತನ್ನ ಅಜ್ಜಿಯ ಪದಗಳನ್ನು ಅಜ್ಜಿ ಹೇಳಿದ ಉಚ್ಚಾರದಲ್ಲಿಯೇ ಬರೆದಿಡಲಿ. ಗ್ರಂಥದ ಕನ್ನಡಕ್ಕೆ ತಿದ್ದುವುದು ಬೇಡ. ಕೊಚ್ಚಿಯ ಹೆಣ್ಣುಮಕ್ಕಳು ಮಾಡಿದ್ದು ಇಷ್ಟೇ, ಅದರಿಂದಲೇ ಎಲ್ಲವೂ ಉಳಿಯಿತು.

ಎರಡನೆಯದು, ಎಲ್ಲರ ಕೈಯಲ್ಲಿರುವ ಫೋನಿನಲ್ಲಿ ಹಿರಿಯರ ದನಿಯನ್ನು ಮುದ್ರಿಸಿರಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನೂ ಅದರಲ್ಲಿಯೇ ಹೇಳಿಸಿರಿ. ಇಡೆಲ್ಸೋನ್ ಭಾರದ ಫೋನೋಗ್ರಾಫ್ ಹೊತ್ತು ಮಾಡಿದ ಕೆಲಸ ನಮಗೆ ಇಂದು ಸುಲಭ.

ಮೂರನೆಯದು, ಭಜನಾ ಮೇಳಗಳು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹಿಮ್ಮೇಳದಲ್ಲಿ ಜಾಗ ಕೊಡಲಿ, ಹೆಣ್ಣುಮಕ್ಕಳಿಗೂ ಕೊಡಲಿ. ಹದಿಮೂರಕ್ಕೆ ಬಂದ ಮಗು ಊರಿನ ಎದುರು ಒಂದು ಪದವನ್ನು ಪೂರ್ತಿ ಹಾಡುವ ಪದ್ಧತಿಯನ್ನು ನಮ್ಮ ಜಾತ್ರೆಗಳಲ್ಲಿ ಶುರುಮಾಡಬಹುದು. ತಪ್ಪಿದರೆ ಹಿರಿಯರು ಕುಳಿತಲ್ಲಿಂದಲೇ ತಿದ್ದಲಿ, ಯಾರೂ ನಗದಿರಲಿ.

ನಾಲ್ಕನೆಯದು, ಮಠ, ದರ್ಗಾ, ಚರ್ಚುಗಳ ಹಾಡುಗಾರರು ವರ್ಷಕ್ಕೊಮ್ಮೆಯಾದರೂ ಒಂದೇ ಚಾವಡಿಯಲ್ಲಿ ಕೂಡಿ ಪರಸ್ಪರರ ಪದಗಳನ್ನು ಕೇಳಲಿ. ಮೊಹರಂ ಪದವನ್ನೂ ದಾವೀದನ ಕೀರ್ತನೆಯನ್ನೂ ಮಡಿವಾಳಪ್ಪನವರ ಪದವನ್ನೂ ಒಂದೇ ರಾತ್ರಿ ಕೇಳಿದ ಮಗು ಮುಂದೆ ಯಾರನ್ನೂ ದ್ವೇಷಿಸಲಾರದು. ಹಾಡುವ ಸಭೆಗಳನ್ನು ಸುಟ್ಟ ನಾಡುಗಳ ಕಥೆಯನ್ನು ಈಗಷ್ಟೇ ಹೇಳಿದ್ದೇನೆ. ಆ ದಾರಿ ನಮಗೆ ಬೇಡ.

ಸರಕಾರ, ಅಕಾಡೆಮಿ, ವಿಶ್ವವಿದ್ಯಾಲಯಗಳು ಮಾಡಬೇಕಾದದ್ದು ಬೇರೆ ಇದೆ, ಅದನ್ನು ಅವರಿಂದ ಕೇಳೋಣ. ಅವರು ಬರುವ ತನಕ ಕಾಯುವುದು ಬೇಡ. ಬರುವ ಅಮಾಸಿಯ ಭಜನೆಗೆ ನಿಮ್ಮ ಮನೆಯ ಒಂದು ಮಗುವನ್ನು ಕರೆದುಕೊಂಡು ಹೋಗಿ, ಮೇಳದ ನಡುವೆ ಕೂರಿಸಿ, ಕೈಗೆ ತಾಳ ಕೊಡಿ. ನಿಮ್ಮೆಲ್ಲರಲ್ಲಿ ಇದೊಂದು ಬೇಡಿಕೆ.